ಕಾರಣದ ಕಾಲಂ: ಯೋಧನ ಅಂಗವೈಕಲ್ಯ ಮತ್ತು ರುಜುವಾತಿನ ಹೊಣೆ



ಸೇವೆಯಲ್ಲಿ ಗಾಯಗೊಂಡ ಅಥವಾ ಕಾಯಿಲೆ ಬಿದ್ದ ಯೋಧ ಸೈನ್ಯ ಬಿಡುವ ಮುನ್ನ ಸೇನಾ ವೈದ್ಯರ ಮಂಡಳಿಯ ಮುಂದೆ ಹಾಜರಾಗುತ್ತಾನೆ. ಮಾಜಿ ಸೈನಿಕರ ಬಾಯಲ್ಲಿ ಅದು ‘ಮೆಡಿಕಲ್ ಬೋರ್ಡ್’. ಮಂಡಳಿಯ ಕೈಯಲ್ಲಿ ಎಎಫ್‌ಎಂಎಸ್‌ಎಫ್-16 ಎಂಬ ನಮೂನೆ ಇರುತ್ತದೆ. ಅದರೊಳಗೆ ಒಂದು ಕೋಷ್ಟಕ. ಎಡಗಡೆ ಕಾಯಿಲೆಯ ಹೆಸರು, ಅದರ ಪಕ್ಕಕ್ಕೆ ಮೂರು ಪ್ರಶ್ನೆಗಳು: ಇದು ಸೇವೆಯಿಂದ ಉಂಟಾದದ್ದೇ, ಸೇವೆಯಿಂದ ಉಲ್ಬಣಿಸಿದ್ದೇ, ಸೇವೆಗೆ ಸಂಬಂಧವೇ ಇಲ್ಲದ್ದೇ. ಒಂದೊಂದಕ್ಕೂ ಹೌದು ಅಥವಾ ಅಲ್ಲ ಎಂಬ ಉತ್ತರ. ಕೊನೆಯ ಕಾಲಂನಲ್ಲಿ ಆ ಉತ್ತರಕ್ಕೆ ಕಾರಣ ಬರೆಯಬೇಕು. ವೈಕಲ್ಯ ಶೇಕಡಾ ಎಷ್ಟು ಎಂಬ ಅಂಕಿ ಇನ್ನೊಂದು ಜಾಗದಲ್ಲಿ ಬರುತ್ತದೆ. ಚರ್ಚೆಯೆಲ್ಲ ಈ ಅಂಕಿಯ ಸುತ್ತಲೇ ತಿರುಗುತ್ತದೆ. ಮಾಜಿ ಸೈನಿಕರು ಕಲೆತಾಗ ಪರಸ್ಪರ ಕೇಳಿಕೊಳ್ಳುವುದೂ ‘ನಿಮಗೆಷ್ಟು ಪರ್ಸೆಂಟ್ ಕೊಟ್ಟರು?’ ಎಂದೇ. ಆದರೆ ಯೋಧನ ಮುಂದಿನ ಬದುಕನ್ನು ನಿರ್ಧರಿಸುವುದು ಆ ಅಂಕಿಗಿಂತ ಹೆಚ್ಚಾಗಿ ಮೂರು ಪ್ರಶ್ನೆಗಳ ಉತ್ತರ, ಆ ಉತ್ತರದ ಬೆಲೆಯನ್ನು ನಿರ್ಧರಿಸುವುದು ಕೊನೆಯ ಕಾಲಂ. ಅಲ್ಲಿ ಕಾರಣ ಬರೆಯುವ ಹೊಣೆ ಯಾರದು, ಕಾರಣ ತಿಳಿಯದೆ ಹೋದಾಗ ಸಂಶಯದ ಲಾಭ ಯಾರಿಗೆ ಸಲ್ಲಬೇಕು ಎಂಬುದೇ ಈ ಉಪನ್ಯಾಸದ ವಿಷಯ. ಆ ಹೊಣೆ ಪ್ರಭುತ್ವದ್ದು, ಆ ಲಾಭ ಯೋಧನದ್ದು ಎಂಬುದು ನನ್ನ ವಾದ.

ವ್ಯವಸ್ಥೆಯ ಕಟ್ಟಡವನ್ನು ಮೊದಲು ನೋಡೋಣ. 1961ರ ಸೇನಾ ಪಿಂಚಣಿ ನಿಯಮಾವಳಿಯ 173ನೇ ನಿಯಮ ಎರಡು ಷರತ್ತು ಹಾಕಿತು. ವೈಕಲ್ಯವು ಸೇನಾ ಸೇವೆಯಿಂದ ಉಂಟಾಗಿರಬೇಕು ಅಥವಾ ಉಲ್ಬಣಿಸಿರಬೇಕು. ಅದರ ಪ್ರಮಾಣ ಶೇ. 20 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಎರಡು ಬೀಗ ಹಾಕಿದ ಬಾಗಿಲಿದು, ಒಂದು ತೆರೆದರೆ ಸಾಲದು. ಎರಡೂ ತೆರೆದವನಿಗೆ ಪಿಂಚಣಿ ಎರಡು ಭಾಗವಾಗಿ ಬರುತ್ತದೆ: ಸಲ್ಲಿಸಿದ ಸೇವೆಗಾಗಿ ಒಂದು, ಕಳೆದುಕೊಂಡ ಶಕ್ತಿಗಾಗಿ ಇನ್ನೊಂದು. ಈ ಎರಡನೆಯದು, ಅಂದರೆ ವೈಕಲ್ಯಾಂಶವು, ನೂರಕ್ಕೆ ನೂರು ವೈಕಲ್ಯವಿದ್ದರೆ ಕೊನೆಯ ವೇತನದ ಶೇ. 30. ಅದಕ್ಕಿಂತ ಕಡಿಮೆಯಿದ್ದರೆ ಅದೇ ಅನುಪಾತದಲ್ಲಿ ಇಳಿಯುತ್ತದೆ. ಕೊನೆಯ ವೇತನ 40,000 ರೂಪಾಯಿ ಇದ್ದ ಜವಾನನ ಲೆಕ್ಕ ಹಾಕಿದರೆ, ಪೂರ್ಣ ವೈಕಲ್ಯಕ್ಕೆ ತಿಂಗಳಿಗೆ 12,000, ಶೇ. 20ಕ್ಕೆ 2,400. ಅಂಕಿಯನ್ನು ಇಷ್ಟು ಕರಾರುವಾಕ್ಕಾಗಿ ಹೇಳುವುದು ವೈದ್ಯರಿಗೂ ಕಷ್ಟವೆಂಬ ಅರಿವಿನಿಂದ ಐದನೇ ವೇತನ ಆಯೋಗದ ನಂತರ, 1996ರ ಜನವರಿ 1ರಿಂದ ಅನ್ವಯವಾಗುವಂತೆ, ಪ್ರಮಾಣವನ್ನು ಮೇಲಕ್ಕೆ ಸರಿಹೊಂದಿಸುವ ಪದ್ಧತಿ ಬಂತು. 50ಕ್ಕಿಂತ ಕಡಿಮೆಯಿದ್ದರೆ 50 ಎಂದೂ, 50ರಿಂದ 75ರವರೆಗಿದ್ದರೆ 75 ಎಂದೂ, ಅದಕ್ಕೂ ಮೇಲಿದ್ದರೆ 100 ಎಂದೂ ಪರಿಗಣಿಸಬೇಕು. ಆಗ ನಮ್ಮ ಜವಾನನ 2,400 ರೂಪಾಯಿ 6,000 ಆಗುತ್ತದೆ. ಮೊದಲು ಇದು ಕಾಯಿಲೆಯ ಕಾರಣಕ್ಕೆ ಅವಧಿಗೆ ಮುನ್ನ ಹೊರಬಂದವರಿಗೆ ಮಾತ್ರ ಇತ್ತು. ಅವಧಿ ಪೂರೈಸಿ ಬಂದವರಿಗೂ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ರಾಮ್ ಅವತಾರ್ ಪ್ರಕರಣದಲ್ಲಿ 2014ರ ಡಿಸೆಂಬರ್‌ನಲ್ಲಿ ಹೇಳಿತು. ಯುದ್ಧದ ಗಾಯಕ್ಕೆ ದರಗಳೇ ಬೇರೆ, ಹೆಚ್ಚು ಉದಾರ. ಶತ್ರುವಿನ ಗುಂಡಿಗೆ ಸಿಕ್ಕಿ ಪೂರ್ಣ ವೈಕಲ್ಯದಿಂದ ಸೇನೆ ಬಿಟ್ಟವನಿಗೆ ಗಾಯದ ಅಂಶವೇ ಕೊನೆಯ ವೇತನದಷ್ಟಿರುತ್ತದೆ. ಅಲ್ಲಿ ಕಾರಣದ ಬಗ್ಗೆ ಜಗಳವೂ ಕಡಿಮೆ, ಏಕೆಂದರೆ ಗುಂಡು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಜಗಳವಿರುವುದು ಮೂರ್ಛೆರೋಗ, ರಕ್ತದೊತ್ತಡ, ಮಧುಮೇಹ, ಹೃದಯದ ಕಾಯಿಲೆ, ಮನೋರೋಗ, ಬೆನ್ನುಹುರಿಯ ಸವೆತ ಇಂಥವುಗಳಲ್ಲಿ.

ಶೇಕಡಾವಾರು ಎಂಬುದು ಏನನ್ನು ಅಳೆಯುತ್ತದೆ? ತಕ್ಕಡಿಯಲ್ಲಿ ತೂಗಿದಂತೆ ದೇಹದ ಇಷ್ಟು ಭಾಗ ಹೋಯಿತು ಎಂಬ ಅರ್ಥ ಅದಕ್ಕಿಲ್ಲ. ಅದೊಂದು ಒಪ್ಪಂದದ ಅಂಕಿ. ಅಮೆರಿಕದ ಮಾಜಿ ಯೋಧರ ಇಲಾಖೆಯ ಲೆಕ್ಕವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಒಬ್ಬನಿಗೆ ಒಂದು ಗಾಯಕ್ಕೆ 50, ಇನ್ನೊಂದಕ್ಕೆ 30 ಕೊಟ್ಟರೆ ಅಲ್ಲಿ ಮೊತ್ತ 80 ಆಗುವುದಿಲ್ಲ. ಮೊದಲ ಗಾಯ ಅವನನ್ನು ಅರ್ಧಕ್ಕೆ ಇಳಿಸಿತು, ಎರಡನೆಯದು ಉಳಿದ ಅರ್ಧದ ಶೇ. 30, ಅಂದರೆ 15ನ್ನು ಕಳೆಯಿತು, ಒಟ್ಟು 65, ಹತ್ತರ ಲೆಕ್ಕಕ್ಕೆ ಸರಿಹೊಂದಿಸಿದರೆ 70. ನಮ್ಮಲ್ಲೂ ಹಲವು ಕಾಯಿಲೆಗಳಿದ್ದಾಗ ನೇರವಾಗಿ ಕೂಡಿಸದೆ ಒಟ್ಟಾರೆ ಪ್ರಮಾಣವೊಂದನ್ನು ಮಂಡಳಿ ನಿರ್ಧರಿಸುತ್ತದೆ. ಈ ಬಗೆಯ ಲೆಕ್ಕದಲ್ಲಿ ತಪ್ಪೇನೂ ಇಲ್ಲ, ಯಾವುದಾದರೂ ಒಂದು ಅಳತೆಗೋಲು ಬೇಕೇ ಬೇಕು. ನನ್ನ ತಕರಾರು ಇರುವುದು ಆ ಗೋಲಿನ ಮೇಲಿನ ಒಂದು ಗೆರೆಯ ಬಗ್ಗೆ. ನಮ್ಮ ಮಂಡಳಿಗಳ ವರದಿಗಳಲ್ಲಿ ‘15-19’ ಎಂಬ ನಮೂದು ಮತ್ತೆ ಮತ್ತೆ ಕಾಣುತ್ತದೆ. ಇಪ್ಪತ್ತಕ್ಕೆ ಒಂದೇ ಒಂದು ಕಡಿಮೆ. 20 ಎಂದು ಬರೆದರೆ ಸರಿಹೊಂದಿಸಿ 50 ಆಗುತ್ತದೆ, 19 ಎಂದು ಬರೆದರೆ ವೈಕಲ್ಯಾಂಶ ಸೊನ್ನೆ. ಒಪ್ಪಂದದ ಅಂಕಿಯೊಂದರ ಮೇಲೆ ಇಷ್ಟು ಭಾರ ಹೇರುವುದು ಅಳತೆಯ ಶಾಸ್ತ್ರಕ್ಕೇ ವಿರುದ್ಧ. ಸುಪ್ರೀಂ ಕೋರ್ಟ್ 2014ರಲ್ಲಿ ಸುಖ್ವಿಂದರ್ ಸಿಂಗ್ ಪ್ರಕರಣದಲ್ಲಿ ಇದಕ್ಕೊಂದು ಸರಳ ಉತ್ತರ ಕೊಟ್ಟಿತು: ಕಾಯಿಲೆಯ ಕಾರಣಕ್ಕೆ ಒಬ್ಬನನ್ನು ಸೇನೆಯಿಂದಲೇ ಹೊರಗೆ ಕಳಿಸುವಷ್ಟು ತೀವ್ರತೆ ಅವನ ವೈಕಲ್ಯಕ್ಕಿದ್ದರೆ ಅದನ್ನು ಶೇ. 20ಕ್ಕಿಂತ ಹೆಚ್ಚೆಂದೇ ಭಾವಿಸಬೇಕು. ಸೈನಿಕನಾಗಿರಲು ಅಯೋಗ್ಯ, ಆದರೆ ಪಿಂಚಣಿಗೆ ಬೇಕಾದಷ್ಟು ಅಂಗವಿಕಲನಲ್ಲ ಎಂಬ ಎರಡು ಮಾತನ್ನು ಒಂದೇ ಬಾಯಲ್ಲಿ ಆಡಲಾಗದು.

ಇನ್ನು ತತ್ವದ ಪ್ರಶ್ನೆ. ಕಾರಣವನ್ನು ಯೋಧ ಏಕೆ ಸಾಬೀತುಪಡಿಸಬಾರದು? ಸಾಮಾನ್ಯ ವ್ಯವಹಾರದಲ್ಲಿ ಕೇಳುವವನೇ ತನ್ನ ಹಕ್ಕನ್ನು ರುಜುವಾತು ಮಾಡಬೇಕು ಎಂಬುದು ನ್ಯಾಯಶಾಸ್ತ್ರದ ಹಳೆಯ ಪಾಠ. ಯೋಧನ ವಿಷಯದಲ್ಲಿ ಆ ಪಾಠ ತಿರುಗಬೇಕಾದುದಕ್ಕೆ ಅವನ ಸೇವೆಯ ಸ್ವರೂಪವೇ ಕಾರಣ. ಕಚೇರಿಯ ನೌಕರ ತನಗೆ ಒಗ್ಗದ ಊರಿಗೆ ವರ್ಗವಾದರೆ ರಜೆ ಹಾಕಬಹುದು, ರಾಜೀನಾಮೆ ಕೊಡಬಹುದು. ಯೋಧ ತನ್ನಿಷ್ಟಕ್ಕೆ ಹಾಗೆ ಬಿಟ್ಟು ಹೋದರೆ ಅದು ಅಪರಾಧ. ಎಲ್ಲಿ ಮಲಗಬೇಕು, ಎಷ್ಟು ಹೊತ್ತು ಎಚ್ಚರವಿರಬೇಕು, ಯಾವ ಎತ್ತರದಲ್ಲಿ ಎಷ್ಟು ತಿಂಗಳು ಕಾವಲು ಕಾಯಬೇಕು, ಎಷ್ಟು ವರ್ಷ ಹೆಂಡತಿ ಮಕ್ಕಳಿಂದ ದೂರವಿರಬೇಕು ಎಂಬುದನ್ನೆಲ್ಲ ಪ್ರಭುತ್ವವೇ ತೀರ್ಮಾನಿಸುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ಸೇವೆಯಲ್ಲಿರುವಾಗ ಅಂಗವಿಕಲನಾದ ನಾಗರಿಕ ನೌಕರನನ್ನು ಕೆಲಸದಿಂದ ತೆಗೆಯುವಂತಿಲ್ಲ, ಬೇರೆ ಹುದ್ದೆಗೆ ಹಾಕಬೇಕು ಎಂದು 1995ರ ಕಾಯ್ದೆ ಹೇಳಿತ್ತು, ಅದರ ಬದಲಿಗೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಹೇಳುತ್ತದೆ. ಯುದ್ಧಪಡೆಯನ್ನು ಈ ರಕ್ಷಣೆಯಿಂದ ಹೊರಗಿಡುವ ಅವಕಾಶವನ್ನು ಕಾನೂನು ಸರ್ಕಾರಕ್ಕೆ ಕೊಟ್ಟಿದೆ, ಸರ್ಕಾರ ಅದನ್ನು ಬಳಸಿಕೊಂಡೂ ಇದೆ. ಸೈನ್ಯಕ್ಕೆ ಆರೋಗ್ಯವಂತರೇ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ಅಗತ್ಯಕ್ಕಾಗಿ ಒಬ್ಬನನ್ನು ಮೂವತ್ತರ ವಯಸ್ಸಿನಲ್ಲಿ ಮನೆಗೆ ಕಳಿಸುವಾಗ, ಉಳಿದ ನೌಕರರಿಗಿರುವ ಆಸರೆಯನ್ನು ಅವನಿಂದ ಕಿತ್ತುಕೊಂಡ ಋಣ ಪ್ರಭುತ್ವದ ತಲೆಯ ಮೇಲೆ ಉಳಿಯುತ್ತದೆ. ಪಿಂಚಣಿ ಆ ಋಣದ ತೀರುವಳಿ. ಅದನ್ನು ಕೊಡುಗೆಯೆಂದು ಕಂಡಾಗ ಕೇಳುವವನೇ ಸಾಬೀತು ಮಾಡಲಿ ಎನ್ನುವ ಮನಸ್ಸಾಗುತ್ತದೆ. ಋಣವೆಂದು ಕಂಡರೆ, ಕೊಡಬೇಕಾಗಿಲ್ಲ ಎನ್ನುವವನೇ ಏಕೆಂದು ಹೇಳಬೇಕಾಗುತ್ತದೆ.

ಇದು ನಮ್ಮ ಕಾಲದ ಮೃದುಹೃದಯದಿಂದ ಹುಟ್ಟಿದ ವಿಚಾರವೇನಲ್ಲ. ‘ಸೇವೆಯಿಂದ ಉಂಟಾದ ಅಥವಾ ಉಲ್ಬಣಿಸಿದ’ ಎಂಬ ಪದಗುಚ್ಛವೇ ಬ್ರಿಟಿಷರ ಯುದ್ಧ ಪಿಂಚಣಿ ಕಾನೂನಿನಿಂದ ಇಳಿದು ಬಂದದ್ದು. ಮೊದಲ ಮಹಾಯುದ್ಧದ ನಂತರ ಲಕ್ಷಾಂತರ ಗಾಯಾಳುಗಳು ತಮ್ಮ ಕಾಯಿಲೆ ಕಂದಕದಲ್ಲೇ ಶುರುವಾಯಿತೆಂದು ಸಾಬೀತು ಮಾಡಲಾಗದೆ ಬವಣೆಪಟ್ಟರು. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟನ್ ನಿಯಮವನ್ನೇ ಬದಲಿಸಿ ರುಜುವಾತಿನ ಹೊಣೆ ಅರ್ಜಿದಾರನ ಮೇಲಿಲ್ಲ ಎಂದು ಸಾರಿತು. ಆ ನಿಯಮದಡಿ ಬಂದ ಮೇಲ್ಮನವಿಗಳನ್ನು ವಿಚಾರಣೆ ಮಾಡಿದವರು ನ್ಯಾಯಮೂರ್ತಿ ಡೆನ್ನಿಂಗ್. ನಮ್ಮ ದೇಶದ ಕಾನೂನು ಕಾಲೇಜುಗಳಲ್ಲಿ ‘ಸಮಂಜಸ ಸಂಶಯಕ್ಕೆ ಮೀರಿದ ರುಜುವಾತು’ ಎಂದರೇನು ಎಂದು ಕಲಿಸುವಾಗ ಉಲ್ಲೇಖಿಸುವ 1947ರ ಮಿಲ್ಲರ್ ಪ್ರಕರಣ ಕೊಲೆಯ ಮೊಕದ್ದಮೆಯೇನಲ್ಲ, ಅದೊಂದು ಸೈನಿಕ ಪಿಂಚಣಿಯ ಪ್ರಕರಣ. ಮಧ್ಯಪ್ರಾಚ್ಯದಲ್ಲಿ ಸೇವೆ ಸಲ್ಲಿಸಿ ಅನ್ನನಾಳದ ಕ್ಯಾನ್ಸರಿನಿಂದ ತೀರಿಕೊಂಡ ಅಧಿಕಾರಿಯ ಪತ್ನಿ ಕೋರ್ಟಿಗೆ ಹೋಗಿದ್ದರು. ಸೇವೆಗೆ ಸಂಬಂಧವಿಲ್ಲ ಎಂಬುದನ್ನು ಸಚಿವಾಲಯ ಎಷ್ಟರ ಮಟ್ಟಿಗೆ ತೋರಿಸಬೇಕು ಎಂಬ ಪ್ರಶ್ನೆಯನ್ನು ಬಿಡಿಸುತ್ತಲೇ ಡೆನ್ನಿಂಗ್ ರುಜುವಾತಿನ ದರ್ಜೆಗಳನ್ನು ವಿವರಿಸಿದರು. ಆ ಪತ್ನಿಯ ಮೇಲ್ಮನವಿ ವಜಾ ಆಯಿತು, ಇದನ್ನೂ ಇಲ್ಲಿ ಹೇಳಬೇಕು. ಹೊಣೆ ಪ್ರಭುತ್ವದ ಮೇಲಿದ್ದ ಮಾತ್ರಕ್ಕೆ ಪ್ರತಿಯೊಬ್ಬರೂ ಗೆಲ್ಲುತ್ತಾರೆಂದಲ್ಲ. ಸೋತವರಿಗೂ ತಾವು ಏಕೆ ಸೋತೆವೆಂದು ತಿಳಿಯುತ್ತದೆ.

ಭಾರತದ 1982ರ ಪಿಂಚಣಿ ಅರ್ಹತಾ ನಿಯಮಗಳಲ್ಲಿ ಈ ತತ್ವ ಬಿಚ್ಚುಮನಸ್ಸಿನಿಂದ ಸೇರಿತು. ಭರ್ತಿಯ ವೇಳೆ ದಾಖಲೆಯಲ್ಲಿ ಯಾವ ಕಾಯಿಲೆಯನ್ನೂ ನಮೂದಿಸಿಲ್ಲವಾದರೆ ಆತ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು. ಅನಂತರದ ಕುಸಿತ ಸೇವೆಯಿಂದ ಆದದ್ದೆಂದು ಭಾವಿಸಬೇಕು. ಅರ್ಹತೆಯನ್ನು ಸಾಬೀತುಪಡಿಸಲು ಅವನನ್ನು ಕೇಳಕೂಡದು. ಸಮಂಜಸವಾದ ಸಂಶಯದ ಲಾಭ ಅವನಿಗೇ ಸಲ್ಲಬೇಕು, ಕಾರ್ಯಾಚರಣಾ ಕ್ಷೇತ್ರದಲ್ಲಿ (ಫೀಲ್ಡ್) ಅಥವಾ ಹಡಗಿನಲ್ಲಿ ದುಡಿದವನಿಗೆ ಇನ್ನಷ್ಟು ಉದಾರವಾಗಿ. ಭರ್ತಿಯ ಪರೀಕ್ಷೆಯಲ್ಲಿ ಪತ್ತೆಯಾಗಲು ಸಾಧ್ಯವಿರಲಿಲ್ಲ ಎಂದು ವೈದ್ಯರು ಹೇಳುವುದಾದರೆ ಅದಕ್ಕೆ ಕಾರಣ ದಾಖಲಿಸಬೇಕು. ನಿಯಮ ಇಷ್ಟು ಸ್ಪಷ್ಟವಾಗಿದ್ದರೂ ದಶಕಗಳ ಕಾಲ ನಡೆದದ್ದು ಬೇರೆ. ಮಂಡಳಿ ಒಂದು ಅಭಿಪ್ರಾಯ ಕೊಟ್ಟರೆ, ಅಲಹಾಬಾದಿನ ಪಿಂಚಣಿ ಲೆಕ್ಕಪತ್ರ ಕಚೇರಿ ಯೋಧನನ್ನು ಕಣ್ಣಿನಿಂದಲೂ ನೋಡದೆ ಕಡತದ ಮೇಲೆಯೇ ಅದನ್ನು ತಿದ್ದುತ್ತಿತ್ತು. ಮತ್ತೆ ವೈದ್ಯಕೀಯ ಪರೀಕ್ಷೆ ಮಾಡಿಸದೆ ಹೀಗೆ ತಿದ್ದುವಂತಿಲ್ಲವೆಂದು 1993ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಈ ಎಲ್ಲ ಎಳೆಗಳನ್ನು ಒಂದುಗೂಡಿಸಿದ್ದು 2013ರ ಜುಲೈ 2ರ ಧರ್ಮವೀರ್ ಸಿಂಗ್ ತೀರ್ಪು. 1985ರಲ್ಲಿ ಸಿಗ್ನಲ್ಸ್ ವಿಭಾಗಕ್ಕೆ ಸಿಪಾಯಿಯಾಗಿ ಸೇರಿದ ಧರ್ಮವೀರ್ ಅವರನ್ನು ಸುಮಾರು ಒಂಬತ್ತು ವರ್ಷಗಳ ನಂತರ, 1994ರಲ್ಲಿ, ಮೂರ್ಛೆರೋಗದ ಕಾರಣಕ್ಕೆ ಶೇ. 20 ವೈಕಲ್ಯವೆಂದು ನಮೂದಿಸಿ ಸೇನೆಯಿಂದ ಕಳಿಸಲಾಯಿತು. ಸೇವೆಗೆ ಸಂಬಂಧವಿಲ್ಲ ಎಂದಿತು ಮಂಡಳಿ. ಅಂಕಿ ಬೇಕಾದಷ್ಟೇ ಇತ್ತು, ಬಾಗಿಲು ಮುಚ್ಚಿದ್ದು ಮತ್ತೊಂದು ಕಾಲಂನಿಂದ. ಒಂಬತ್ತು ವರ್ಷದ ಸೇವೆ ಎಂದರೇನು ಎಂಬುದನ್ನೂ ಗಮನಿಸಬೇಕು. ಹತ್ತು ವರ್ಷ ತುಂಬುವ ಮೊದಲು ಕಾಯಿಲೆಯಿಂದ ಹೊರಬಂದವನಿಗೆ ಆಗಿನ ನಿಯಮದಲ್ಲಿ ಸಿಗುತ್ತಿದ್ದುದು ಒಂದಿಷ್ಟು ಉಪದಾನ, ತಿಂಗಳ ಪಿಂಚಣಿಯಲ್ಲ. ಈ ನಿಯಮ ಸಡಿಲವಾದದ್ದು 2020ರಲ್ಲಿ. ಹಾಗಾಗಿ ‘ಸಂಬಂಧವಿಲ್ಲ’ ಎಂಬ ಒಂದು ಮಾತು ಯೌವನದಲ್ಲೇ ಮೂರ್ಛೆರೋಗ ಹೊತ್ತು ಊರಿಗೆ ಬಂದವನ ಕೈ ಖಾಲಿ ಮಾಡುತ್ತಿತ್ತು. ಮಂಡಳಿ ಆ ಮಾತಿಗೆ ಕಾರಣವನ್ನೇ ಕೊಟ್ಟಿರಲಿಲ್ಲ. ಭರ್ತಿಯ ದಾಖಲೆಯಲ್ಲಿ ಕಾಯಿಲೆಯ ಸುಳಿವಿರಲಿಲ್ಲ, ಆದ್ದರಿಂದ ಅವರು ಆರೋಗ್ಯವಂತರಾಗಿಯೇ ಸೇರಿದರು. ಸಂಬಂಧವಿಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು. ಕಾರಣವಿಲ್ಲದ ಅಭಿಪ್ರಾಯ ಆ ಹೊಣೆಯನ್ನು ನಿಭಾಯಿಸಲಾರದು ಎಂದು ಕೋರ್ಟ್ ತೀರ್ಮಾನಿಸಿತು. 2015ರ ರಾಜ್‌ಬೀರ್ ಸಿಂಗ್ ಪ್ರಕರಣದಲ್ಲಿ ಅದೇ ನಿಲುವು ಇನ್ನಷ್ಟು ಗಟ್ಟಿಯಾಯಿತು.

ನ್ಯಾಯಾಲಯದ ತರ್ಕಕ್ಕೆ ನಾನು ಇನ್ನೊಂದು ಮಾತು ಸೇರಿಸುತ್ತೇನೆ. ಯೋಧನ ಭರ್ತಿಯ ಪರೀಕ್ಷೆ ನಡೆಸಿದವರು ಸೇನೆಯ ವೈದ್ಯರು, ವರ್ಷವರ್ಷ ತಪಾಸಣೆ ಮಾಡಿದವರು ಅವರೇ, ಆಸ್ಪತ್ರೆಯ ಚೀಟಿಗಳೆಲ್ಲ ಅವರ ಕಪಾಟಿನಲ್ಲಿ. ಎಲ್ಲಿ ಎಷ್ಟು ದಿನ ಯಾವ ಕರ್ತವ್ಯದಲ್ಲಿದ್ದ ಎಂಬ ವಿವರ ಅವನ ಘಟಕದ ಕಚೇರಿಯಲ್ಲಿ. ಅಂತಿಮ ಅಭಿಪ್ರಾಯ ಕೊಡುವ ಮಂಡಳಿಯೂ ಸೇನೆಯದೇ. ಕೊಡಗಿನ ಅಥವಾ ಬೆಳಗಾವಿ ಕಡೆಯ ಹಳ್ಳಿಯ ಮನೆಯಲ್ಲಿ ಆ ಯೋಧನ ಬಳಿ ಇರುವುದೆಂದರೆ ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಆದೇಶದ ಪ್ರತಿ, ಒಂದೆರಡು ಪದಕ. ಸಾಕ್ಷ್ಯವೆಲ್ಲ ಒಬ್ಬರ ಕೈಯಲ್ಲಿರುವಾಗ ಸಾಬೀತು ಮಾಡುವ ಹೊಣೆಯನ್ನು ಇನ್ನೊಬ್ಬರ ಮೇಲೆ ಹೊರಿಸುವುದು ನ್ಯಾಯವಾಗಲಾರದು.

ಈ ತಳಹದಿಯನ್ನು ಸಡಿಲಿಸುವ ಪ್ರಯತ್ನವೂ ಜೊತೆಜೊತೆಗೇ ನಡೆದಿದೆ. 2008ರ ಅರ್ಹತಾ ನಿಯಮಗಳು ಧಾಟಿಯನ್ನೇ ಬದಲಿಸಿದವು. ಭರ್ತಿಯ ಪರೀಕ್ಷೆ ಸಮಗ್ರವಲ್ಲ, ಸುಪ್ತ ಕಾಯಿಲೆಗಳು ಅದರಲ್ಲಿ ಸಿಗದೇ ಹೋಗಬಹುದು, ಸೇವೆಯಲ್ಲಿದ್ದಾಗ ಕಾಣಿಸಿಕೊಂಡ ಮಾತ್ರಕ್ಕೆ ಸೇವೆಯೇ ಕಾರಣವೆನ್ನಲಾಗದು ಎಂಬ ಮಾತುಗಳು ಬಂದವು. ಸಾಬೀತುಪಡಿಸಲು ಅರ್ಜಿದಾರನನ್ನು ಕೇಳಕೂಡದು ಎಂಬ ಕಡೆ ‘ಸಾಮಾನ್ಯವಾಗಿ’ ಎಂಬ ಒಂದು ಪದ ಸೇರಿತು. ನಿಯಮಗಳಲ್ಲಿ ಇಂಥ ಒಂದೊಂದು ಪದಕ್ಕೆ ಸಾವಿರಾರು ಮನೆಗಳ ಅಡುಗೆಯೊಲೆಯ ಸಂಬಂಧವಿರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಮತ್ತೊಂದು ನಿಯಮಾವಳಿ ಬಂತು. ವೈಕಲ್ಯವಿದ್ದರೂ ಸೇವೆಯಲ್ಲಿ ಮುಂದುವರಿದು ನಿವೃತ್ತರಾದವರ ಪಾಲಿಗೆ ‘ವೈಕಲ್ಯ’ ಎಂಬ ಹೆಸರೇ ಹೋಗಿ, ‘ನ್ಯೂನತಾ ಪರಿಹಾರ’ ಎಂಬ ಅರ್ಥದ ಹೊಸ ಹೆಸರು ಬಂತು. ನಿಜವಾದ ಹಕ್ಕುದಾರರನ್ನು ರಕ್ಷಿಸಿ ದುರುಪಯೋಗ ತಡೆಯುವುದೇ ಉದ್ದೇಶವೆಂದು ವಿವರಣೆ ನೀಡಲಾಯಿತು.

ಈ ವಿವರಣೆಯ ಹಿಂದಿರುವ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮೊದಲನೆಯದು ವೈದ್ಯರದು. ಆನುವಂಶಿಕ ಕಾಯಿಲೆಗಳಿವೆ, ಯಾವ ಭರ್ತಿ ಪರೀಕ್ಷೆಗೂ ಸಿಗದ ಮನೋರೋಗಗಳಿವೆ; ಕೋರ್ಟುಗಳು ತಜ್ಞರ ಜಾಗದಲ್ಲಿ ಕೂರಬಾರದು ಎಂಬ ವಾದ. ಸುಪ್ರೀಂ ಕೋರ್ಟೇ 2019ರಲ್ಲಿ ಸ್ಕಿಜೋಫ್ರೇನಿಯಾದ ಪ್ರಕರಣವೊಂದರಲ್ಲಿ ಈ ವಾದವನ್ನು ಒಪ್ಪಿ ಯೋಧನ ವಿರುದ್ಧ ತೀರ್ಪು ಕೊಟ್ಟಿದೆ. ತಜ್ಞರ ಅಭಿಪ್ರಾಯಕ್ಕೆ ಗೌರವ ಸಲ್ಲಬೇಕೆಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ತಜ್ಞತೆ ಕಾಣುವುದು ಕಾರಣದಲ್ಲಿ. ಸಾಧಾರಣ ವೈದ್ಯ ಕೂಡ ತನ್ನ ರೋಗಿಗೆ ‘ಇದು ಇಂಥದ್ದರಿಂದ ಬಂದಿರಬಹುದು’ ಎಂದು ಹೇಳುತ್ತಾನೆ. ‘ದೈಹಿಕ ರಚನೆಯಿಂದ ಬಂದದ್ದು, ಸೇವೆಗೆ ಸಂಬಂಧವಿಲ್ಲ’ ಎಂಬ ಒಂದೇ ಸಾಲು ನೂರು ಜನರ ನೂರು ವರದಿಗಳಲ್ಲಿ ಬಂದರೆ ಅದು ಅಭಿಪ್ರಾಯವೆನಿಸದು, ಮೊಹರೆನಿಸುತ್ತದೆ. ಕುಟುಂಬದಲ್ಲಿ ಯಾರಿಗಾದರೂ ಇತ್ತೇ, ಕಾಯಿಲೆಯ ಮೊದಲ ಲಕ್ಷಣ ಯಾವಾಗ ಕಂಡಿತು, ಆಗ ಅವನು ಯಾವ ಕರ್ತವ್ಯದಲ್ಲಿದ್ದ, ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ನಿದ್ದೆ, ರಜೆ, ಒತ್ತಡ ಹೇಗಿತ್ತು ಎಂಬುದನ್ನು ಕೇಳಿ ಬರೆದ ನಾಲ್ಕು ಸಾಲಿನ ಅಭಿಪ್ರಾಯವನ್ನು ಯಾವ ನ್ಯಾಯಾಲಯವೂ ಸುಲಭವಾಗಿ ಬದಿಗೆ ಸರಿಸುವುದಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸ್ಕಿಜೋಫ್ರೇನಿಯಾದ ಪ್ರಕರಣದಲ್ಲೇ, ಕಾರಣ ಕೊಡದ ಮಂಡಳಿಯ ಅಭಿಪ್ರಾಯದ ಮೇಲೆ ಪಿಂಚಣಿ ನಿರಾಕರಿಸಲಾಗದು ಎಂದದ್ದು ಈ ಅರ್ಥದಲ್ಲೇ. ಎರಡು ತೀರ್ಪುಗಳು ಒಂದಕ್ಕೊಂದು ವಿರುದ್ಧವೆಂದು ಕಂಡರೂ ಎರಡೂ ಎತ್ತುವ ಪ್ರಶ್ನೆ ಒಂದೇ: ಮಂಡಳಿ ತನ್ನ ಮಾತಿಗೆ ಏನು ಆಧಾರ ಕೊಟ್ಟಿದೆ?

ಎರಡನೆಯ ಆಕ್ಷೇಪ ಶಾಂತಿ ಪ್ರದೇಶದ್ದು. ಯೋಧನಿಗೆ ರಕ್ತದೊತ್ತಡ ಮೊದಲು ಕಂಡದ್ದು ಗಡಿಯಲ್ಲಲ್ಲ, ಬೆಂಗಳೂರಿನಂಥ ಊರಿನ ಕಂಟೋನ್ಮೆಂಟಿನಲ್ಲಿ. ಅಲ್ಲಿ ಒತ್ತಡವೆಲ್ಲಿ ಎಂಬ ಪ್ರಶ್ನೆ. ಹೃದ್ರೋಗದ ಸಂದರ್ಭದಲ್ಲಿ ಕಾಯಿಲೆ ಕಾಣಿಸಿಕೊಳ್ಳುವುದಕ್ಕೆ ಹಿಂದಿನ 14 ದಿನಗಳ ಕರ್ತವ್ಯ ಪಟ್ಟಿಯನ್ನು ಪರಿಶೀಲಿಸುವ ಪದ್ಧತಿ ವೈದ್ಯಾಧಿಕಾರಿಗಳ ಕೈಪಿಡಿಯಲ್ಲಿದೆ. ಹದಿನಾಲ್ಕು ದಿನದ ಹಿಂದೆ ಬೆಟ್ಟದಿಂದ ಇಳಿದವನಿಗೂ ಹದಿನೈದು ದಿನದ ಹಿಂದೆ ಇಳಿದವನಿಗೂ ಹೃದಯದ ರಕ್ತನಾಳಗಳಲ್ಲಿ ಅಂಥ ಭೇದವೇನಿರುತ್ತದೆ? ರಕ್ತನಾಳದ ಗೋಡೆಗಳು ವರ್ಷಗಟ್ಟಲೆ ಗಟ್ಟಿಯಾಗುತ್ತವೆ, ರಕ್ತದೊತ್ತಡ ಸದ್ದಿಲ್ಲದೆ ಏರುತ್ತದೆ. ಅದು ಪತ್ತೆಯಾಗುವುದು ಸಾಮಾನ್ಯವಾಗಿ ತಪಾಸಣೆಗೆ ಬಿಡುವು ಸಿಕ್ಕಾಗ, ಅಂದರೆ ಶಾಂತಿ ಪ್ರದೇಶಕ್ಕೆ ಬಂದ ಮೇಲೆ. ಪತ್ತೆಯಾದ ಜಾಗವನ್ನೇ ಹುಟ್ಟಿದ ಜಾಗವೆಂದು ಹಿಡಿಯುವುದು ವೈದ್ಯಶಾಸ್ತ್ರಕ್ಕೂ ಸಲ್ಲದು.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ, ಅದನ್ನು ಎತ್ತಿದ್ದು ಹೊಣೆಗಾರ ಸಂಸ್ಥೆಗಳು. ವೈಕಲ್ಯಾಂಶ ವೇತನದ ಅನುಪಾತಕ್ಕೆ ತಿರುಗಿದ ಮೇಲೆ ಹಿರಿಯ ಅಧಿಕಾರಿಗಳಲ್ಲಿ ವೈಕಲ್ಯದೊಂದಿಗೆ ನಿವೃತ್ತರಾಗುವವರ ಪಾಲು ಏರಿತೆಂದು ಏಳನೇ ವೇತನ ಆಯೋಗ ಗುರುತಿಸಿತು. ಹಾಗೆ ನಿವೃತ್ತರಾಗುವ ಅಧಿಕಾರಿಗಳ ಪಾಲು ಜವಾನರದಕ್ಕಿಂತ ಸುಮಾರು ಎರಡು ಪಟ್ಟಿದೆ, ಅದರಲ್ಲಿ ಜೀವನಶೈಲಿಯ ಕಾಯಿಲೆಗಳ ಪಾಲೇ ದೊಡ್ಡದು ಎಂಬುದನ್ನು ಸಿಎಜಿ ವರದಿಯೂ ಎತ್ತಿ ತೋರಿಸಿತು. ಜವಾನನೇ ಹೆಚ್ಚು ಭಾರ ಹೊರುವವನಾಗಿರುವಾಗ ಇದು ಕಣ್ಣಿಗೆ ಚುಚ್ಚುವ ಸಂಗತಿ. ಆಯೋಗ ಅನುಪಾತದ ಬದಲು ನಿಗದಿ ಮೊತ್ತ ಸೂಚಿಸಿತ್ತು: ಪೂರ್ಣ ವೈಕಲ್ಯಕ್ಕೆ ಅಧಿಕಾರಿಗೆ 27,000, ಕಿರಿಯ ಕಮಿಷನ್ಡ್ ಅಧಿಕಾರಿಗೆ (ಜೆಸಿಒ) 17,000, ಉಳಿದವರಿಗೆ 12,000 ರೂಪಾಯಿ. ವಿರೋಧ ಬಂದು ಸರ್ಕಾರ ಹಳೆಯ ಅನುಪಾತವನ್ನೇ ಉಳಿಸಿಕೊಂಡಿತು. ಹೋದ ಮೊಣಕಾಲಿಗೆ ಹುದ್ದೆಯ ಪ್ರಕಾರ ಐದು ಪಟ್ಟು ಬೆಲೆಯ ವ್ಯತ್ಯಾಸ ಇರಬೇಕೇ ಎಂಬ ಪ್ರಶ್ನೆ ಹಾಗಾಗಿ ಇನ್ನೂ ಉಳಿದಿದೆ. ಇರಬಾರದೆಂದೇ ನನ್ನ ಅಭಿಪ್ರಾಯ. ಆದರೆ ದುರುಪಯೋಗವಾಗುತ್ತಿದೆ ಎಂಬುದರಿಂದ ರುಜುವಾತಿನ ಹೊಣೆಯನ್ನೇ ಯೋಧನ ಮೇಲೆ ತಿರುಗಿಸಬೇಕೆಂಬ ತೀರ್ಮಾನ ಹೊರಡುವುದಿಲ್ಲ. ಹಾಗೆ ತಿರುಗಿಸಿದರೆ ಅದನ್ನು ಹೊರಬಲ್ಲವರು ಯಾರು? ನಿಯಮ ಬಲ್ಲ, ತಪಾಸಣೆಯ ಚೀಟಿಗಳನ್ನು ಜೋಪಾನವಾಗಿಟ್ಟುಕೊಂಡ, ವಕೀಲರ ಪರಿಚಯವಿರುವ ಹಿರಿಯರೇ. ಹೊರಲಾರದವನು ಅದೇ ಜವಾನ. ದುರುಪಯೋಗಕ್ಕೂ ಅನ್ಯಾಯಕ್ಕೂ ಮದ್ದು ಒಂದೇ ಕಡೆ ಇದೆ, ಕಾರಣದ ಕಾಲಂನಲ್ಲಿ. ಹುಸಿ ಹಕ್ಕುದಾರನಿಗೆ ‘ಹೌದು’ ಎಂದು ಬರೆಯುವ ಮಂಡಳಿಯೂ ಏಕೆ ಹೌದು ಎಂದು ಬರೆಯಬೇಕಾಗಿ ಬಂದರೆ ಅದರ ಕೈ ತಡೆಯುತ್ತದೆ.

ಹಣದ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ನಿರಾಕರಣೆಗೂ ಖರ್ಚಿದೆ. 2007ರ ಕಾಯ್ದೆಯಂತೆ 2009ರಲ್ಲಿ ಕೆಲಸ ಆರಂಭಿಸಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮುಂದೆ ವೈಕಲ್ಯ ಪಿಂಚಣಿಯ ಪ್ರಕರಣಗಳು ರಾಶಿಯಾಗಿ ಬಂದವು. ಯೋಧ ಗೆದ್ದ ಪ್ರಕರಣಗಳಲ್ಲೂ ಸರ್ಕಾರ ಮೇಲ್ಮನವಿಗೆ ಹೋಯಿತು. ಇಂಥ ದಾವೆಗಳನ್ನು ಕಡಿಮೆ ಮಾಡಲು 2015ರಲ್ಲಿ ರಕ್ಷಣಾ ಸಚಿವರು ನೇಮಿಸಿದ ತಜ್ಞರ ಸಮಿತಿ ಅನಗತ್ಯ ಮೇಲ್ಮನವಿಗಳನ್ನು ಕೈಬಿಡುವಂತೆ ಹೇಳಿತ್ತು, ಮೇಲ್ಮನವಿಗಳು ನಿಲ್ಲಲಿಲ್ಲ. ನಮ್ಮ ರಾಜ್ಯದವರಿಗೆ ಇನ್ನೊಂದು ತೊಡಕು. ಕರ್ನಾಟಕ ಬರುವುದು ನ್ಯಾಯಮಂಡಳಿಯ ಕೊಚ್ಚಿ ಪೀಠದ ವ್ಯಾಪ್ತಿಗೆ. ಬೀದರಿನ ಮಾಜಿ ಸಿಪಾಯಿಯೊಬ್ಬ ತನ್ನ ಮೂರ್ಛೆರೋಗಕ್ಕೆ ಸೇವೆಯ ಸಂಬಂಧವಿದೆಯೆಂದು ಹೇಳಲು ಎಷ್ಟು ದೂರ ಹೋಗಬೇಕೆಂದು ನಕಾಶೆ ತೆಗೆದು ನೋಡಿದರೆ ಸಾಕು. ಹೋಗುವವರು ಹೋಗುತ್ತಾರೆ, ಅವರಲ್ಲಿ ಹಲವರು ಗೆಲ್ಲುತ್ತಾರೆ ಕೂಡ. ಹೋಗದವನ ವರದಿ ‘ಸಂಬಂಧವಿಲ್ಲ’ ಎಂಬ ಮಾತಿನೊಂದಿಗೇ ಮುಗಿಯುತ್ತದೆ. ಒಂದೇ ಕಾಯಿಲೆಯ ಇಬ್ಬರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವನಿಗೆ ಪಿಂಚಣಿ, ಹತ್ತದವನಿಗಿಲ್ಲ ಎಂದಾದರೆ ಹಕ್ಕನ್ನು ನಿರ್ಧರಿಸಿದ್ದು ಕಾಯಿಲೆಯೂ ಅಲ್ಲ, ಸೇವೆಯೂ ಅಲ್ಲ. ಬಸ್ ಚಾರ್ಜು ಮತ್ತು ವಕೀಲರ ಫೀಸು. ಜಿಲ್ಲೆಗಳಲ್ಲಿರುವ ಸೈನಿಕ ಕಲ್ಯಾಣ ಕಚೇರಿಗಳು ಕನಿಷ್ಠ ಮಂಡಳಿಯ ವರದಿಯ ಪ್ರತಿಯನ್ನು ತರಿಸಿಕೊಟ್ಟು, ಅದರಲ್ಲಿ ಏನು ಬರೆದಿದೆಯೆಂದು ಕನ್ನಡದಲ್ಲಿ ಓದಿ ಹೇಳುವ ಕೆಲಸ ಮಾಡಬಹುದು. ತನ್ನ ದೇಹದ ಬಗ್ಗೆ ಪ್ರಭುತ್ವ ಬರೆದ ಮಾತು ಏನೆಂದು ತಿಳಿಯದೆಯೇ ಬದುಕು ಕಳೆದವರು ನಮ್ಮ ಹಳ್ಳಿಗಳಲ್ಲಿ ಕಡಿಮೆಯೇನಿಲ್ಲ.

ಈ ಪ್ರಶ್ನೆ ಮುಂದೆ ಇನ್ನಷ್ಟು ಹರಿತವಾಗಲಿದೆ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಡಿ ಸೇರಿದವರಿಗೆ ಆ ಯೋಜನೆಯ ನಾಲ್ಕು ವರ್ಷದ ಸೇವೆಗೆ ಪಿಂಚಣಿಯೇ ಇಲ್ಲ. ಸೇವೆಯಿಂದಾದ ವೈಕಲ್ಯಕ್ಕೆ ಒಂದೇ ಬಾರಿಯ ಪರಿಹಾರ ಇದೆ: ಶೇ. 100ಕ್ಕೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ ರೂಪಾಯಿ. ಅಲ್ಲೂ ಮೊದಲು ಉತ್ತರಿಸಬೇಕಾದದ್ದು ಅದೇ ಪ್ರಶ್ನೆ, ಸೇವೆಗೆ ಸಂಬಂಧವಿದೆಯೇ ಇಲ್ಲವೇ. ಇಪ್ಪತ್ತು ವರ್ಷ ದುಡಿದವನಿಗಾದರೆ ದಾಖಲೆಯ ರಾಶಿಯಿರುತ್ತದೆ, ವಾದ ಮಾಡಲು ಹುರುಳಿರುತ್ತದೆ. ನಾಲ್ಕೇ ವರ್ಷದ ಸೇವೆಯಲ್ಲಿ ಅಷ್ಟು ದಾಖಲೆ ಬೆಳೆಯುವುದಿಲ್ಲ, ‘ಸೇರುವ ಮೊದಲೇ ಇತ್ತು’ ಎನ್ನುವುದು ಸುಲಭ. ಮೂರ್ಛೆರೋಗವೂ ಮನೋರೋಗವೂ ಎಷ್ಟೋ ಜನರಲ್ಲಿ ಮೊದಲು ತಲೆಯೆತ್ತುವುದು ಅದೇ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ. ಮಾಸಿಕ ಪಿಂಚಣಿಯಲ್ಲಾದರೆ ತಪ್ಪು ನಿರ್ಣಯವನ್ನು ಹತ್ತು ವರ್ಷದ ಮೇಲಾದರೂ ತಿದ್ದಬಹುದು, ಬಾಕಿ ಕೊಡಬಹುದು. ಒಮ್ಮೆ ಕೊಟ್ಟು ಕೈತೊಳೆಯುವ ಪರಿಹಾರದಲ್ಲಿ ಮೊದಲ ನಿರ್ಣಯವೇ ಬಹುಮಟ್ಟಿಗೆ ಕೊನೆಯದು. ಈ ಯೋಜನೆಯ ಮೊದಲ ತಂಡದ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಆರಂಭದ ಹೊತ್ತಿಗೆ. ಅವರಲ್ಲಿ ಕಾಯಿಲೆ ಹೊತ್ತು ಹೊರಡುವ ಒಬ್ಬೊಬ್ಬ ಹುಡುಗನ ಮುಂದೆಯೂ ಮಂಡಳಿಯೊಂದು ಕೂತಿರುತ್ತದೆ, ಅದರ ಮೇಜಿನ ಮೇಲೆ ನಮೂನೆ ಇರುತ್ತದೆ, ಕಾಯಿಲೆಯ ಹೆಸರನ್ನು ತುಂಬಿದ ಮೇಲೆ ವೈದ್ಯರ ಲೇಖನಿ ಬಲಗಡೆಯ ಕೊನೆಯ ಕಾಲಂಗೆ ಬರುತ್ತದೆ.